ಬೆಣ್ಣೆಹಳ್ಳದ ನೆರೆಯೂ ಸರಕಾರದ ನೆರವೂ

ಬೆಣ್ಣೆಹಳ್ಳವನ್ನು ಈ ಸೀಮೆಯವರು ನದಿಯೆಂದು ಕರೆಯುವದಿಲ್ಲ. ಶಿಗ್ಗಾಂವಿ ತಾಲೂಕಿನ ದುಂಡಸಿಯ ಕಡೆಯಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಎರೆಯ ಬಯಲನ್ನು ಸೀಳಿಕೊಂಡು ಈಶಾನ್ಯಕ್ಕೆ ಹರಿದು, ಕೊನೆಗೆ ರೋಣದ ಸೀಮೆಯಲ್ಲಿ ಮಲಪ್ರಭೆಯನ್ನು ಕೂಡುವ ಈ ಪ್ರವಾಹಕ್ಕೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹಳ್ಳವೆಂಬ ಹೆಸರೇ ಸಾಕಾಗಿದೆ. ಯಮನೂರಿನ ಜಾತ್ರೆಗೆ ಬಂದ ಭಕ್ತರು ಇದರಲ್ಲಿ ಮಿಂದು ಹೋಗುತ್ತಾರೆ. ಬೇಸಗೆಯಲ್ಲಿ ದನಗಳು ಇದರ ಪಾತ್ರವನ್ನು ನಡೆದೇ ದಾಟುತ್ತವೆ. ಆದರೆ ಮೇಲಿನ ಸೀಮೆಯಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತೆಂದರೆ ಇದೇ ಹಳ್ಳವು ದಂಡೆ ಮೀರಿ ಹೊಲಗಳ ಮೇಲೆ ಹರಡುತ್ತದೆ. ಮಲಪ್ರಭೆಗೆ 1970ರ ದಶಕದಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಒದಗಿತು. ಬೆಣ್ಣೆಹಳ್ಳವಾದರೋ ಆ ಅಣೆಕಟ್ಟಿನ ಕೆಳಗಡೆ ನದಿಯನ್ನು ಸೇರುವದರಿಂದ ಅದಕ್ಕೆ ಆ ತಡೆಯು ತಾಗಲಿಲ್ಲ.

ಎರೆಯ ನೆಲದಲ್ಲಿಯ ನೆರೆಗೆ ಒಂದು ವಿಶೇಷವುಂಟು. ಮಲೆನಾಡಿನ ನೆರೆ ಕೊಚ್ಚಿಕೊಂಡು ಹೋಗುವದು. ಇಲ್ಲಿಯ ನೆರೆ ಬಂದು ನಿಲ್ಲುವದು. ಕರಿಯ ಮಣ್ಣು ನೀರನ್ನು ಹೀರಿ ಉಬ್ಬಿ ಬಾಯಿ ಮುಚ್ಚಿಕೊಂಡ ಮೇಲೆ ನೀರಿಗೆ ಇಳಿಯುವ ದಾರಿಯೇ ಇರುವದಿಲ್ಲ. ಕೊಯ್ಲಿಗೆ ಬಂದ ಹೆಸರು ಕಾಯಿಯೊಳಗೇ ಮೊಳೆಯುತ್ತದೆ. ಉಳ್ಳಾಗಡ್ಡಿ ನೆಲದಲ್ಲಿಯೇ ಕೊಳೆಯುತ್ತದೆ. ಮೆಣಸಿನ ಗಿಡವು ಬೇರು ಸತ್ತು ನಿಂತಲ್ಲಿಯೇ ಬಾಡುತ್ತದೆ. ನೀರಿಳಿದು ಎಂಟು ದಿನಗಳಾದ ಮೇಲೆ ನೋಡಲು ಬಂದ ಅಧಿಕಾರಿಗೆ ಹೊಲವು ದೂರದಿಂದ ಹಸಿರಾಗಿಯೇ ಕಾಣಬಹುದು. ಹಾನಿಯಾದದ್ದು ನಿಜ, ಅದನ್ನು ಕಣ್ಣಿಗೆ ಕಾಣುವಂತೆ ತೋರಿಸುವದು ಕಷ್ಟ. ಆದಕಾರಣ ಈ ಸೀಮೆಯಲ್ಲಿ ನೆರೆಯ ನೆರವು ಎಂಬುದು ಮೊದಲಿನಿಂದಲೂ ಬರೆದು ತೋರಿಸಬೇಕಾದ ಕೆಲಸವಾಗಿದೆ. ಯಾರು ಬರೆದರು, ಯಾವ ಪುಸ್ತಕವನ್ನು ನೋಡಿ ಬರೆದರು, ಆ ಪುಸ್ತಕದಲ್ಲಿ ಹೆಸರಿಲ್ಲದವರ ಗತಿಯೇನಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ. ಕುಂದಗೋಳ ತಾಲೂಕಿನ ಸಂಶಿ ಗ್ರಾಮವನ್ನೂ ಅದರ ನೆರೆಹೊರೆಯನ್ನೂ ಕಣ್ಣೆದುರಿಗಿಟ್ಟುಕೊಂಡು ಹೊರಟರೆ ವಿಷಯವು ಸುಲಭವಾಗುವದು.

ಹಳೆಯ ಕಾಲದ ಶಾಸನಗಳಲ್ಲಿ ನೀರಿನ ಸಂಬಂಧದ ದಾನಗಳು ಹೇರಳವಾಗಿ ಸಿಕ್ಕುತ್ತವೆ. ಅವುಗಳಲ್ಲಿ ಬಿತ್ತುವಟ್ಟವೆಂಬುದು ಗಮನಿಸತಕ್ಕದ್ದು; ಕೆರೆಯ ಏರಿಯನ್ನು, ತೂಬನ್ನು ಕಾಯ್ದು ದುರಸ್ತಿ ಮಾಡಿಸುವ ಸಲುವಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಮೊದಲೇ ಬಿಟ್ಟುಕೊಡುವದು ಇದರ ರೀತಿ. ಇಲ್ಲಿ ಒಂದು ಮಾತನ್ನು ಲಕ್ಷಿಸಬೇಕು. ಇದು ಕೆಟ್ಟ ಮೇಲೆ ಕೊಟ್ಟ ನೆರವಲ್ಲ, ಕೆಡದಂತೆ ತೆಗೆದಿರಿಸಿದ ನೆರವು. ಇದಕ್ಕೆ ಪ್ರತಿಯೊಬ್ಬನೂ ಅರ್ಜಿ ಕೊಡುವ ಪ್ರಸಂಗವಿರಲಿಲ್ಲ. ಅರ್ಜಿಯ ಕಥೆಯು ಮರಾಠರ ಆಳಿಕೆಯಿಂದ ಸ್ಪಷ್ಟವಾಗಿ ಕಾಣತೊಡಗುತ್ತದೆ.

ಪೇಶವೆಯರ ಕಾಲದಲ್ಲಿ ಹಾನಿಗೊಳಗಾದ ಒಕ್ಕಲಿಗನಿಗೆ ದೊರೆಯುತ್ತಿದ್ದ ಅನುಕೂಲತೆಗಳು ಮುಖ್ಯವಾಗಿ ಮೂರು ಬಗೆಯವು. ಬೀಜಕ್ಕೂ ಎತ್ತಿಗೂ ಮುಂಗಡವಾಗಿ ಕೊಡುವ ಹಣ ತಗಾವಿ. ಆ ವರ್ಷದ ಸಾರೆಯಲ್ಲಿ ಬಿಡುವ ಭಾಗ ಸೂಟು. ಬಿಟ್ಟುಹೋದ ಹೊಲವನ್ನು ಮತ್ತೆ ಹಿಡಿಯುವವನಿಗೆ ಮೊದಲ ವರ್ಷ ಅಲ್ಪವಾಗಿಯೂ ಮುಂದೆ ವರ್ಷವರ್ಷಕ್ಕೆ ಏರಿಸುತ್ತಲೂ ಸಾರೆ ಕಟ್ಟಿಕೊಳ್ಳುವೆವೆಂದು ಬರೆದುಕೊಡುವ ಇಸ್ತಾವೆಯ ಕೌಲು. ತಗಾವಿಯೆಂಬ ಶಬ್ದವು ಅರಬ್ಬಿಯಿಂದ ಬಂದದ್ದು. ಬಲಗೊಡುವದು ಎಂದು ಅದರ ಅರ್ಥ. ಒಕ್ಕಲಿಗನಿಗೆ ಬಲಗೊಟ್ಟರೆ ಖಜಾನೆಗೆ ಬಲ ಬರುವದೆಂಬ ವಿಚಾರವೂ ಅದರಲ್ಲಿ ಅಡಗಿತ್ತು. ಇವೆಲ್ಲವೂ ಮಾಮಲೇದಾರನ ವಿವೇಚನೆಗೆ ಬಿಟ್ಟವುಗಳಾಗಿದ್ದವು. ಊರ ಗೌಡನು ಜಾಮೀನು ನಿಲ್ಲಬೇಕು, ಕುಲಕರ್ಣಿಯು ಲೆಕ್ಕ ಬರೆಯಬೇಕು. ಅವರಿಬ್ಬರಿಗೆ ಬೇಡವಾದವನಿಗೆ ತಗಾವಿಯೂ ಇಲ್ಲ, ಸೂಟೂ ಇಲ್ಲ. ಆ ಪದ್ಧತಿಯನ್ನು ಹೊಗಳುವವರು ಈ ಮಾತನ್ನು ಮರೆಯುವದುಂಟು. ಆದರೂ ಅದರಲ್ಲಿ ಒಂದು ಗುಣವಿತ್ತು: ನೋಡುವವನು ಹೊಲದ ಹತ್ತಿರವೇ ಇದ್ದನು.

1818ರಲ್ಲಿ ಪೇಶವಾಯಿ ಮುಗಿದು ಧಾರವಾಡದ ಸೀಮೆಯು ಇಂಗ್ಲಿಷರಿಗೆ ಸೇರಿತು. ಮೊದಲ ಇಪ್ಪತ್ತೈದು ವರ್ಷ ಹಳೆಯ ರೀತಿಯೇ ಹೆಚ್ಚುಕಡಿಮೆಯಾಗಿ ನಡೆಯಿತು. 1840ರ ದಶಕದಲ್ಲಿ ಜಾರ್ಜ ವಿಂಗೇಟನು ಈ ಜಿಲ್ಲೆಯ ಮೋಜಣಿಯನ್ನು ಕೈಕೊಂಡನು. ಗೋಲ್ಡಸ್ಮಿಡ್, ಡೇವಿಡ್ಸನ್ ಎಂಬವರೊಡನೆ ಅವನು 1847ರಲ್ಲಿ ಒಪ್ಪಿಸಿದ ಸಂಯುಕ್ತ ವರದಿಯೇ ಮುಂಬಯಿ ಇಲಾಖೆಯ ಭೂಕಂದಾಯ ಪದ್ಧತಿಯ ಮೂಲಗ್ರಂಥ. ಹೊಲಹೊಲಕ್ಕೆ ಸರ್ವೆ ನಂಬರು, ಪ್ರತಿಯೊಂದು ನಂಬರಿಗೆ ಮಣ್ಣಿನ ತರ, ಮೂವತ್ತು ವರ್ಷಗಳವರೆಗೆ ಬದಲಾಗದ ಆಕಾರ ಎಂಬವು ಅದರ ಆಧಾರಸ್ತಂಭಗಳು. ಇವುಗಳ ಹಿಂದೆ ಒಂದು ತತ್ತ್ವವಿತ್ತು. ಆಕಾರವು ಹಗುರಾಗಿಯೂ ಸ್ಥಿರವಾಗಿಯೂ ಇದ್ದರೆ ಒಕ್ಕಲಿಗನು ಒಳ್ಳೆಯ ವರ್ಷದ ಉಳಿತಾಯದಿಂದ ಕೆಟ್ಟ ವರ್ಷವನ್ನು ನೀಗುವನು. ವರ್ಷವರ್ಷವೂ ಸೂಟು ಕೊಡುವ ಗೋಜು ಬೇಡ, ಅದರ ನಿಮಿತ್ತ ಕೆಳಗಿನ ಅಧಿಕಾರಿಗಳು ಮಾಡುವ ಲಂಚಗುಳಿತನಕ್ಕೂ ಆಸ್ಪದವಿಲ್ಲ. ವಿಂಗೇಟನ ಉದ್ದೇಶವು ಒಳ್ಳೆಯದೇ ಆಗಿತ್ತೆಂದು ಒಪ್ಪಬೇಕು. ಆದರೆ ಸರಾಸರಿಯ ಈ ಲೆಕ್ಕವು ಆಕಾಶವನ್ನು ನಂಬಿದ ಎಲ್ಲ ಹೊಲಗಳಿಗೂ ಸಮನಾಗಿ ಹೊಂದುವಂತೆ ಹಳ್ಳದ ದಂಡೆಯ ಹೊಲಕ್ಕೆ ಹೊಂದುವದಿಲ್ಲ. ಬರವು ಬಂದರೆ ಊರಿಗೆಲ್ಲ ಬರುವದು. ನೆರೆಯು ಬಂದರೆ ಒಬ್ಬನ ಹೊಲವನ್ನು ಮುಳುಗಿಸಿ, ಏರಿನ ಮೇಲಿನ ಅವನ ನೆರೆಯವನಿಗೆ ಹದಮಳೆಯಾಗಿ ಪರಿಣಮಿಸಬಹುದು.

ನೆಲವೇ ಕೊಚ್ಚಿಹೋದ ಪ್ರಸಂಗಕ್ಕೆ ಮಾತ್ರ ಕಾಯಿದೆಯಲ್ಲಿ ಸ್ಥಾನ ದೊರೆಯಿತು. 1879ರ ಮುಂಬಯಿ ಭೂಕಂದಾಯದ ಕಾಯಿದೆಯ ಮೇರೆಗೆ, ನೀರಿನ ಕೊರೆತದಿಂದ ಅರ್ಧ ಎಕರೆಗೆ ಕಡಿಮೆಯಿಲ್ಲದ ಭೂಮಿಯನ್ನು ಕಳೆದುಕೊಂಡವನು ಅಷ್ಟರಮಟ್ಟಿಗೆ ಸಾರೆಯನ್ನು ಇಳಿಸಿಕೊಳ್ಳಲು ಹಕ್ಕುಳ್ಳವನಾದನು. ಹದಿನೈದು ಗುಂಟೆ ಹೋದರೆ ಹಕ್ಕಿಲ್ಲ. ನೆಲವು ಉಳಿದು ಬೆಳೆ ಮಾತ್ರ ಹೋದರೆ ಆ ಕಲಮಿನಿಂದ ಏನೂ ಸಿಕ್ಕುವಂತಿಲ್ಲ. ಎರೆಯ ಸೀಮೆಯಲ್ಲಿ ಆಗುವದು ಬಹುತರವಾಗಿ ಈ ಎರಡನೆಯದೇ.

ಈ ಸೀಮೆಯವರು ಬರಗಳಿಗೆ ಹೆಸರಿಟ್ಟಿದ್ದಾರೆ, ನೆರೆಗಳಿಗೆ ಇಟ್ಟಿಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಬರವು ಮೂರು ತಲೆಮಾರುಗಳ ನೆನಪಿನಲ್ಲಿ ಉಳಿಯಿತು. ಸರಕಾರದ ಕಾಯಿದೆಗಳನ್ನೂ ಅದೇ ರೂಪಿಸಿತು. ಆ ಬರದ ತರುವಾಯ ಕೂಡಿದ ಕ್ಷಾಮಸಮಿತಿಯು 1880ರಲ್ಲಿ ವರದಿಯನ್ನು ಒಪ್ಪಿಸಿತು. ಅದರ ಬೆನ್ನಿಗೆ ಎರಡು ಕಾಯಿದೆಗಳು ಹುಟ್ಟಿದವು: 1883ರ 19ನೆಯ ಕಾಯಿದೆಯಾದ ಭೂಸುಧಾರಣೆಯ ಸಾಲಗಳದು, 1884ರ 12ನೆಯ ಕಾಯಿದೆಯಾದ ಒಕ್ಕಲಿಗರ ಸಾಲಗಳದು. ಹಳೆಯ ತಗಾವಿಗೆ ಇವೆರಡೂ ಹೊಸ ಅಂಗಿಯನ್ನು ತೊಡಿಸಿದವು. ಜನರು ಮಾತ್ರ ಅದನ್ನು ತಗಾವಿಯೆಂದೇ ಕರೆಯುತ್ತ ಹೋದರು.

ಮೊದಲನೆಯ ಕಾಯಿದೆಯಲ್ಲಿ ಸುಧಾರಣೆಯೆಂದರೇನೆಂಬುದನ್ನು ಎಣಿಸಿ ಹೇಳಿದೆ. ಬಾವಿ ಕೆರೆಗಳ ಜೊತೆಗೆ, ಸಾಗುವಳಿಯ ಭೂಮಿಯಿಂದ ನೀರು ಬಸಿದುಹೋಗುವಂತೆ ಮಾಡುವದು, ನೆರೆಯಿಂದಲೂ ಕೊರೆತದಿಂದಲೂ ಅದನ್ನು ರಕ್ಷಿಸುವದು ಇವೂ ಅಲ್ಲಿ ಸೇರಿವೆ. ಅಂದರೆ ಬೆಣ್ಣೆಹಳ್ಳದ ದಂಡೆಯ ಒಕ್ಕಲಿಗನು ಒಡ್ಡು ಹಾಕಿಸುವದಕ್ಕೆ, ಬಸಿಗಾಲುವೆ ತೆಗೆಯಿಸುವದಕ್ಕೆ ಸಾಲ ಕೇಳಬಹುದಾಗಿತ್ತು. ಎರಡನೆಯ ಕಾಯಿದೆಯ ಪ್ರಕಾರ ಸಂಕಟ ನಿವಾರಣೆಗೆ, ಬೀಜ ದನಗಳನ್ನು ಕೊಳ್ಳುವದಕ್ಕೆ ಸಾಲ ದೊರೆಯುತ್ತಿತ್ತು. ಆದರೆ ಯಾರಿಗೆ? ಸಾಗುವಳಿಯ ಭೂಮಿಯ ಮಾಲಕನಿಗೆ ಅಥವಾ ಅದನ್ನು ಸ್ವಾಧೀನದಲ್ಲಿಟ್ಟುಕೊಂಡವನಿಗೆ. ಅರ್ಜಿ ಬಂದ ಮೇಲೆ ಅಧಿಕಾರಿಯು ಅವಶ್ಯ ಕಂಡರೆ ನೋಟೀಸು ಹೊರಡಿಸಿ ತಕರಾರುಗಳನ್ನು ಕೇಳುವನು. ಹಕ್ಕಿನ ವಿಷಯವನ್ನು ನೋಡುವನು. ಹಲವರು ಕೂಡಿ ಸಾಲ ತೆಗೆದರೆ ಒಬ್ಬನ ಬಾಕಿಗೆ ಎಲ್ಲರೂ ಹೊಣೆಯೆಂದು ಬರೆಯಿಸಿಕೊಳ್ಳುವನು. ತಪ್ಪಿದರೆ ಭೂಕಂದಾಯದ ಬಾಕಿಯಂತೆ ಜಪ್ತಿ ಮಾಡಿ ವಸೂಲು ಮಾಡುವನು. ಸಾಹುಕಾರನ ಬಡ್ಡಿ ಹೆಚ್ಚಾಗಿದ್ದರೂ ಅವನು ಸಂಜೆ ಕೇಳಿದರೆ ಮುಂಜಾನೆ ಹಣ ಎಣಿಸಿಕೊಡುತ್ತಿದ್ದನು. ತಗಾವಿಯ ಹಣ ಬರುವದರೊಳಗೆ ಹಿಂಗಾರಿಯ ಬಿತ್ತಿಗೆಯ ಹದವು ಹಾರಿಹೋಗುತ್ತಿತ್ತು. ಎರೆಯಲ್ಲಿ ಜೋಳ ಕಡಲೆಗಳ ಬಿತ್ತಿಗೆಗೆ ಸಿಗುವ ಹದವು ಕೆಲವೇ ದಿನಗಳದು. ನೆರೆಯಿಂದ ಮುಂಗಾರಿಯ ಪೀಕು ಹೋದವನಿಗೆ ಹಿಂಗಾರಿಯ ಬೀಜವು ಆ ದಿನಗಳಲ್ಲಿಯೇ ಕೈಗೆ ಬರಬೇಕು. ಸಾಲದ ಮೊತ್ತಕ್ಕಿಂತ ಸಾಲದ ಹೊತ್ತು ದೊಡ್ಡದೆಂಬುದನ್ನು ಕಾಯಿದೆ ಬರೆದವರು ಅರಿತಂತೆ ತೋರುವದಿಲ್ಲ.

ಇನ್ನೊಂದು ತೊಡಕು ಈ ಸೀಮೆಗೇ ವಿಶಿಷ್ಟವಾದದ್ದು. ಹುಬ್ಬಳ್ಳಿ, ನವಲಗುಂದ ತಾಲೂಕುಗಳು ಇಂಗ್ಲಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಕುಂದಗೋಳವು ಜಮಖಂಡಿಯ ಪಟವರ್ಧನ ಸಂಸ್ಥಾನದ ತಾಲೂಕಾಗಿತ್ತು. ಅದರಾಚೆಯ ಗುಡಗೇರಿಯು ಕಿರಿಯ ಮಿರಜ ಸಂಸ್ಥಾನದ್ದು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಸದರ್ನ ಮರಾಠಾ ರೇಲ್ವೆಯ ಹಾದಿಯು ಈ ಗಡಿಗಳನ್ನೆಲ್ಲ ದಾಟಿಕೊಂಡು ಹೋಗಿದೆ. ಕುಂದಗೋಳ ಗುಡಗೇರಿಗಳ ನಡುವಿನ ನಿಲ್ದಾಣವೇ ಸಂಶಿ. ಮಳೆಗೆ ಗಡಿಯಿಲ್ಲ. ಆದರೆ 1883, 1884ರ ಕಾಯಿದೆಗಳು ಬ್ರಿಟಿಷ ಹಿಂದುಸ್ಥಾನದ ಕಾಯಿದೆಗಳು. ಸಂಸ್ಥಾನದ ಪ್ರಜೆಯು ತನ್ನ ದರಬಾರಿನ ದಯೆಯನ್ನೇ ನೋಡಬೇಕು. ಒಂದೇ ಮಳೆಯಲ್ಲಿ ಒಂದೇ ಹಳ್ಳದ ನೀರು ಹೊಕ್ಕ ಹೊಲಗಳಿಗೆ ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ನಿಯಮಗಳು ಇದ್ದವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಸ್ಥಿತಿಯು ಹೀಗೆಯೇ ಇತ್ತು.

ಇನ್ನು ಬರೆಯುವವನ ಮಾತು. ಧಾರವಾಡದ ಒಕ್ಕಲಿಗನು ಆಡುವ ಭಾಷೆ ಕನ್ನಡ. ಕಚೇರಿಯ ಬರಹವು ಬಹುಕಾಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯಿತು. ವಾಲ್ಟರ ಇಲಿಯಟ್ಟನು 1830ರ ದಶಕದಲ್ಲಿ ಕನ್ನಡ ಶಾಲೆಗಳಿಗೆ ಆಸರೆಯಾದದ್ದು, ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಅವುಗಳನ್ನು ಬೆಳೆಸಿದ್ದು, 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು ವಾಚಕರಿಗೆ ತಿಳಿದ ಸಂಗತಿಗಳು. ಇವುಗಳನ್ನು ನಾವು ಸಾಹಿತ್ಯದ ಇತಿಹಾಸವೆಂದು ಓದುತ್ತೇವೆ. ಆದರೆ ಹೊಲ ಮುಳುಗಿದವನ ಕಡೆಯಿಂದ ನೋಡಿದರೆ ಇದು ಅವನ ಅರ್ಜಿಯ ಇತಿಹಾಸವೂ ಅಹುದು. ತನ್ನ ಹಾನಿಯನ್ನು ತಾನು ಓದಲಾರದ ಲಿಪಿಯಲ್ಲಿ ಮತ್ತೊಬ್ಬನು ಬರೆದದ್ದರ ಕೆಳಗೆ ಹೆಬ್ಬೆಟ್ಟು ಒತ್ತಿದವನಿಗೆ, ಹತ್ತು ಮಾರು ಒಡ್ಡು ಒಡೆದದ್ದನ್ನು ಬರಹದಲ್ಲಿ ಎಷ್ಟು ಮಾರೆಂದು ಹಾಕಿದ್ದಾರೆಂಬುದು ತಿಳಿಯುವ ಬಗೆ ಯಾವದು? ಕುಲಕರ್ಣಿಯು ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಊರಿಗೆ ಆಧಾರವಾಗಿದ್ದ ಕುಲಕರ್ಣಿಗಳೂ ಇದ್ದರು. ಅವನೊಬ್ಬನೇ ಬಾಗಿಲಾಗಿದ್ದನೆಂಬುದೇ ತೊಡಕು. ಆ ಬಾಗಿಲನ್ನು ತಪ್ಪಿಸಬೇಕೆನ್ನುವವನು ಮಾಮಲೇದಾರ ಕಚೇರಿಯ ಗಿಡದ ನೆರಳಿನಲ್ಲಿ ಕುಳಿತ ಅರ್ಜಿ ಬರೆಯುವವನ ಬಳಿಗೆ ಹೋಗುತ್ತಿದ್ದನು. ಅವನಿಗೆ ಕೈಬರಹವು ಗೊತ್ತಿತ್ತು, ಹೊಲವು ಗೊತ್ತಿರಲಿಲ್ಲ.

1903ರಲ್ಲಿ ಮುಂಬಯಿ ಸರಕಾರವು ಹಕ್ಕುಗಳ ದಾಖಲೆಯ ಕಾಯಿದೆಯನ್ನು ಮಾಡಿತು. ಅದುವರೆಗೆ ಸಾರೆ ಯಾರು ಕೊಡುವರೆಂಬುದನ್ನು ಮುಖ್ಯವಾಗಿ ಬರೆಯುತ್ತಿದ್ದ ಪುಸ್ತಕದಲ್ಲಿ ಇನ್ನು ಮೇಲೆ ಹಕ್ಕು ಯಾರದು, ಭೋಜೆ ಎಷ್ಟು ಎಂಬುದೂ ಸೇರಿತು. ಅದರ ನಕಲನ್ನು ನಮ್ಮ ಕಡೆಯಲ್ಲಿ ಉತಾರವೆನ್ನುತ್ತೇವೆ. ಇಂದಿಗೂ ಪಹಣಿಯೆಂದು ಅಚ್ಚಾಗಿ ಬಂದ ಕಾಗದವನ್ನು ಸಂಶಿಯ ರೈತನು ಉತಾರವೆಂದೇ ಕೇಳಿ ಪಡೆಯುವನು. ನೆರವಿನ ಇತಿಹಾಸದಲ್ಲಿ ಈ ಕಾಗದದಷ್ಟು ಬಲವುಳ್ಳ ವಸ್ತು ಇನ್ನೊಂದಿಲ್ಲ.

ಸಾರೆಯನ್ನು ತಡೆಹಿಡಿಯುವ ನಿಯಮಗಳೂ ಸುಮಾರು ಅದೇ ಕಾಲದಲ್ಲಿ ಸಡಿಲಾದವು. 1896ರಿಂದ 1900ರವರೆಗಿನ ಬರಗಳು ವಿಂಗೇಟನ ಸರಾಸರಿಯ ತತ್ತ್ವವನ್ನು ಅಲುಗಾಡಿಸಿದ್ದವು. 1905ರಲ್ಲಿ ಹಿಂದುಸ್ಥಾನ ಸರಕಾರವು ತಹಕೂಬಿ, ಸೂಟುಗಳ ಬಗೆಗೆ ಉದಾರವಾದ ಠರಾವನ್ನು ಹೊರಡಿಸಿತು. ಇದಕ್ಕೆ ಅಳತೆಗೋಲು ಆಣೆವಾರಿ. ಪೂರ್ಣ ಬೆಳೆಗೆ ಹದಿನಾರು ಆಣೆಯೆಂದಿಟ್ಟುಕೊಂಡು ಆ ವರ್ಷದ ಬೆಳೆಯು ಎಷ್ಟು ಆಣೆಯದೆಂದು ಅಂದಾಜು ಮಾಡುವದು, ಅದು ಗೊತ್ತುಪಡಿಸಿದ ಮಿತಿಗಿಂತ ಕೆಳಗಿಳಿದರೆ ಸಾರೆಯ ವಸೂಲಿಯನ್ನು ಮುಂದೂಡುವದು. ಆದರೆ ಆಣೆವಾರಿಯು ಒಬ್ಬನ ಹೊಲಕ್ಕಲ್ಲ, ಊರಿಗೆ. ಮುಳುಗಿದ ನಲವತ್ತು ಹೊಲಗಳ ಸೊನ್ನೆಯು ಮುಳುಗದ ಮುನ್ನೂರು ಹೊಲಗಳ ಹನ್ನೆರಡಾಣೆಯಲ್ಲಿ ಕರಗಿಹೋಗುವದು. ಬರಕ್ಕೆ ಹೊಲಿದ ಅಂಗಿಯನ್ನು ನೆರೆಗೆ ತೊಡಿಸಿದರೆ ಆಗುವದು ಹೀಗೆ.

ಇದುವರೆಗೂ ಭೂಮಿಯುಳ್ಳವನ ಮಾತಾಯಿತು. ಅಂಗಡಿಯವನು ಎಲ್ಲಿದ್ದನು? ಕಿರಾಣಿ ಅಂಗಡಿಯವನು, ಗಾಣದವನು, ಬಣ್ಣಗಾರನು, ನೇಕಾರನು, ಬಡಿಗನು, ಕಮ್ಮಾರನು ಇವರ ಸರಕೂ ಸಲಕರಣೆಯೂ ನೆರೆಯಲ್ಲಿ ನಾಶವಾಗುವವೇ. ಆದರೆ ಇವರು ಸಾರೆ ಕೊಡುವವರಲ್ಲವಾದ್ದರಿಂದ ಸೂಟಿಗೆ ಸಂಬಂಧವಿಲ್ಲ. ಸಾಗುವಳಿಯ ಭೂಮಿಯಿಲ್ಲವಾದ್ದರಿಂದ 1884ರ ಕಾಯಿದೆಗೂ ಸಂಬಂಧವಿಲ್ಲ. ಹೊಲದ ಒಡೆಯನಾಗಿಯೂ ಅಂಗಡಿಯನ್ನಿಟ್ಟವನು ಹೊಲದ ಹೆಸರಿನಿಂದ ತೆಗೆದ ತಗಾವಿಯನ್ನು ಅಂಗಡಿಗೆ ಹಾಕಿದರೆ ಅದು ಸಾಲದ ದುರುಪಯೋಗ. ಹೀಗೆ ವ್ಯಾಪಾರಿಯು ಸರಕಾರದ ಕಣ್ಣಿಗೆ ಹಾನಿಯಾಗದವನೇ ಆಗಿ ಉಳಿದನು.

ಅವನಿಗೆ ಮೊದಲ ಬಾಗಿಲನ್ನು ತೆರೆದದ್ದು ಸಹಕಾರ ಚಳವಳಿ. 1904ರ ಸಹಕಾರಿ ಸಾಲಸಂಘಗಳ ಕಾಯಿದೆಯು ಬಂದ ಮರುವರ್ಷವೇ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿದರು. ಹಿಂದುಸ್ಥಾನದ ಮೊದಲ ಕೃಷಿ ಸಹಕಾರಿ ಸಂಘವೆಂದು ಅದಕ್ಕೆ ಪ್ರಸಿದ್ಧಿಯಿದೆ. ಆ ಕಾಯಿದೆಯ ಪ್ರಕಾರ ಗ್ರಾಮಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರಿರಬೇಕು. ಉಳಿದ ಒಂದು ಪಾಲಿನ ವಿಷಯವನ್ನು ಹೆಚ್ಚಿನವರು ಗಮನಿಸುವದಿಲ್ಲ. ಆ ಐದನೆಯ ಪಾಲಿನೊಳಗೆ ಕಮ್ಮಾರನೂ ಅಂಗಡಿಯವನೂ ಒಳಬರಬಹುದಾಗಿತ್ತು. ಹೊಣೆಯು ಎಲ್ಲರದು, ಅದಕ್ಕೆ ಮಿತಿಯಿಲ್ಲ. ಆದ್ದರಿಂದ ಸಾಲ ಕೇಳಿದವನನ್ನು ಬಲ್ಲವರೇ ಅವನ ಯೋಗ್ಯತೆಯನ್ನು ತೀರ್ಮಾನಿಸಬೇಕಾಗುತ್ತಿತ್ತು. ಉತಾರದ ಬದಲು ನೆರೆಹೊರೆಯವರ ತಿಳಿವಳಿಕೆಯು ಆಧಾರವಾದದ್ದು ಇಲ್ಲಿಯೇ. ಎಲ್ಲ ಊರುಗಳಲ್ಲಿಯೂ ಅದು ನೆಟ್ಟಗೆ ನಡೆಯಿತೆಂದು ಹೇಳಲಾಗದು. ನೆರೆಹೊರೆಯವರ ತಿಳಿವಳಿಕೆಯಲ್ಲಿ ನೆರೆಹೊರೆಯವರ ಜಗಳವೂ ಇರುವದಷ್ಟೆ.

ಸ್ವಾತಂತ್ರ್ಯದ ತರುವಾಯ ಹಳೆಯ ಕಟ್ಟಡವು ಭಾಗಭಾಗವಾಗಿ ಬದಲಾಯಿತು. 1950ರ ಮುಂಬಯಿ ಕಾಯಿದೆಯಿಂದ ಕುಲಕರ್ಣಿ ವತನವು ರದ್ದಾಗಿ ಪಗಾರದ ತಲಾಠಿಯು ಬಂದನು. 1956ರಲ್ಲಿ ಧಾರವಾಡವು ವಿಶಾಲ ಮೈಸೂರಿಗೆ ಸೇರಿತು. 1879ರ ಕಾಯಿದೆಯ ಸ್ಥಾನಕ್ಕೆ 1964ರ ಭೂಕಂದಾಯ ಕಾಯಿದೆ ಬಂತು. ಇವೆಲ್ಲಕ್ಕಿಂತಲೂ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು 1974ರ ಮಾರ್ಚ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಅದು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಇದು ದೊಡ್ಡ ಉಪಕಾರ. ಅದರೊಂದಿಗೆ ಮುಂದೆ ಗೇಣಿಗೆ ಕೊಡುವದನ್ನೇ ನಿಷೇಧಿಸಿತು. ಆದರೆ ಹೊಲವನ್ನು ಲಾವಣಿಗೆ ಹಾಕಿಕೊಳ್ಳುವ ರೂಢಿಯು ನಿಲ್ಲಲಿಲ್ಲ, ಬಾಯಿಮಾತಿನಲ್ಲಿ ನಡೆಯಿತು. ಕಾಯಿದೆಯು ಇಲ್ಲವೆಂದು ಹೇಳುವದರಿಂದ ಪುಸ್ತಕದಲ್ಲಿ ಬರೆಯುವಂತಿಲ್ಲ. ಪುಸ್ತಕದಲ್ಲಿಲ್ಲವಾದ್ದರಿಂದ ನೆರೆಯ ಕಾಲಕ್ಕೆ ಕೇಳುವಂತಿಲ್ಲ. ಬೀಜ ಗೊಬ್ಬರ ಹಾಕಿದವನೊಬ್ಬ, ಪರಿಹಾರದ ಹಣ ಸೇರುವ ಖಾತೆಯವನಿನ್ನೊಬ್ಬ. ಖಾತೇದಾರನು ಧರ್ಮವಂತನಾಗಿದ್ದರೆ ಅರ್ಧವನ್ನಾದರೂ ಕೊಡುವನು.

ನೆರವಿನ ಸ್ವರೂಪವೂ ಬದಲಾಯಿತು. ತಗಾವಿಯು ತಿರುಗಿ ಕೊಡಬೇಕಾದ ಸಾಲ. ಈಗಿನದು ತಿರುಗಿ ಕೊಡಬೇಕಾಗದ ಸಹಾಯಧನ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ರಾಜ್ಯಕ್ಕೂ ರಾಷ್ಟ್ರಕ್ಕೂ ನಿಧಿಗಳು ಏರ್ಪಟ್ಟು, ಯಾವ ಹಾನಿಗೆ ಎಷ್ಟೆಂಬ ಮಾನದಂಡವನ್ನು ಕೇಂದ್ರ ಸರಕಾರವು ಕೆಲವು ವರ್ಷಗಳಿಗೊಮ್ಮೆ ಗೊತ್ತುಪಡಿಸುತ್ತದೆ. 2015ರಲ್ಲಿ ಒಂದು ಮುಖ್ಯ ಸಡಿಲಿಕೆಯಾಯಿತು: ಅದುವರೆಗೆ ಬೆಳೆಯು ನೂರಕ್ಕೆ ಐವತ್ತರಷ್ಟು ಹೋದರೆ ಮಾತ್ರ ಸಿಗುತ್ತಿದ್ದ ಸಹಾಯವು ಮೂವತ್ಮೂರರಷ್ಟು ಹೋದರೂ ಸಿಗುವಂತಾಯಿತು. ಆಗಿನ ದರವು ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 6,800 ರೂಪಾಯಿ, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000; ಒಬ್ಬನಿಗೆ ಎರಡು ಹೆಕ್ಟೇರಿನವರೆಗೆ ಮಾತ್ರ. 2022ರಿಂದ ಇವು ಕ್ರಮವಾಗಿ 8,500, 17,000, 22,500 ಆದವು. ಹೊಲದ ಮೇಲೆ ಮೂರು ಅಂಗುಲಕ್ಕೆ ಮೀರಿ ಮರಳು ಹೂಳು ಕೂತಿದ್ದರೆ ಅದನ್ನು ತೆಗೆಯಿಸುವದಕ್ಕೆ ಸಣ್ಣ ರೈತರಿಗೆ ಬೇರೆ ದರವುಂಟು.

2009ರ ಸೆಪ್ಟೆಂಬರ ಕೊನೆಯಲ್ಲಿಯೂ ಅಕ್ಟೋಬರ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯು ಇನ್ನೂರಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ಅದಾದ ಹತ್ತು ವರ್ಷಕ್ಕೆ, 2019ರ ಅಗಸ್ಟದಲ್ಲಿ, ಮತ್ತೆ ಮಹಾಪೂರವು ಬಂತು. ಧಾರವಾಡ ಜಿಲ್ಲೆಯಲ್ಲಿ ಬೆಣ್ಣೆಹಳ್ಳ ತುಪ್ಪರಿಹಳ್ಳಗಳ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಹೆಸರು ಕೊಯ್ಯುವ ತಿಂಗಳದು. ಆ ವರ್ಷ ರಾಜ್ಯ ಸರಕಾರವು ಕೇಂದ್ರದ ದರದ ಮೇಲೆ ಹೆಕ್ಟೇರಿಗೆ 10,000 ರೂಪಾಯಿ ಕೂಡಿಸಿದ್ದರಿಂದ ಒಣಬೇಸಾಯದ ರೈತನಿಗೆ ಹೆಕ್ಟೇರಿಗೆ 16,800, ಅಂದರೆ ಎಕರೆಗೆ 6,800ರಷ್ಟು ಬಂತು. ಪೂರ್ಣ ಬಿದ್ದ ಮನೆಗೆ 5 ಲಕ್ಷದವರೆಗೂ ಗೊತ್ತುಮಾಡಿದರು. ಇವು ಅಲ್ಪವಾದ ಮೊತ್ತಗಳಲ್ಲ. ಇವುಗಳನ್ನು ಪಡೆಯುವ ದಾರಿಯಾದರೋ ಹೊಸದು: ಕಂದಾಯ, ಕೃಷಿ, ತೋಟಗಾರಿಕೆಯ ಇಲಾಖೆಗಳ ಜಂಟಿ ಸಮೀಕ್ಷೆ, ಪಂಚನಾಮೆ, ಬಳಿಕ ‘ಪರಿಹಾರ’ ಎಂಬ ತಂತ್ರಾಂಶದಲ್ಲಿ ದಾಖಲು, ಕೊನೆಗೆ ಆಧಾರಿಗೆ ಜೋಡಿಸಿದ ಬ್ಯಾಂಕಿನ ಖಾತೆಗೆ ನೇರ ಜಮೆ. ನಡುವಿನ ಕೈಗಳು ತಪ್ಪಿದವೆಂಬುದು ದೊಡ್ಡ ಲಾಭ. ಊರಿನ ಆಣೆವಾರಿಯ ಬದಲು ಸರ್ವೆ ನಂಬರಿನ ಹಾನಿಯನ್ನೇ ನೋಡುವದು ಅದಕ್ಕಿಂತ ದೊಡ್ಡ ಲಾಭ.

ಆದರೆ ಆ ತಂತ್ರಾಂಶವೂ ಉತಾರವನ್ನೇ ನೋಡುವದು. ಒಂದು ಮನೆತನವನ್ನು ಊಹಿಸೋಣ. ಉತಾರವು ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಮಕ್ಕಳು ಮೂವರು ಬಾಯಿಮಾತಿನಿಂದ ಹಂಚಿಕೊಂಡು ಮೂವತ್ತು ವರ್ಷಗಳಿಂದ ಉಳುತ್ತಿದ್ದಾರೆ. ಅಜ್ಜನಿಗೆ ಆಧಾರವಿಲ್ಲ, ಬ್ಯಾಂಕಿನ ಖಾತೆಯಿಲ್ಲ. ಮೂವರ ಹಾನಿಯೂ ಸತ್ಯ, ಮೂವರಿಗೂ ಹಣವಿಲ್ಲ. ಪೌತಿಯ ಖಾತೆ ಬದಲಾವಣೆಗೆ ಬೇಕಾಗುವ ವಂಶಾವಳಿ, ಮರಣದ ದಾಖಲೆ, ಎಲ್ಲ ವಾರಸುದಾರರ ಒಪ್ಪಿಗೆ ಇವುಗಳನ್ನು ನೆರೆ ಬಂದ ವಾರದಲ್ಲಿ ಕೂಡಿಸಲಾಗುವದಿಲ್ಲ. ಇನ್ನೊಂದು ಮನೆಯಲ್ಲಿ ಬೆಳೆ ಸಮೀಕ್ಷೆಯಲ್ಲಿ ಹತ್ತಿಯೆಂದು ಬರೆಯಿಸಿದೆ, ಮುಳುಗಿದ್ದು ಉಳ್ಳಾಗಡ್ಡಿ. ಮತ್ತೊಬ್ಬನ ಹೆಸರು ಉತಾರದಲ್ಲೊಂದು ಬಗೆ, ಆಧಾರದಲ್ಲೊಂದು ಬಗೆ. ಊರಿನ ಹೆಸರಿಗೇ ಈ ಗತಿಯಿದೆಯಲ್ಲ: ಸಂಶಿಯೆಂದು ನಾವು ಬರೆಯುವದನ್ನು ರೇಲ್ವೆಯವರು ಸೌಂಶಿಯೆಂದು ಬರೆಯುತ್ತಾರೆ.

ಅಂಗಡಿಯವನು ಇಂದಿಗೂ ಹೊರಗೇ ಇದ್ದಾನೆ. ಕೇಂದ್ರದ ಮಾನದಂಡದಲ್ಲಿ ಕೈಮಗ್ಗದವರ, ಕೈಕಸಬುದಾರರ ಸಲಕರಣೆಗೂ ಕಚ್ಚಾ ಸಾಮಾನಿಗೂ ಸ್ಥಾನವಿದೆ. 2015ರ ದರದಲ್ಲಿ ಒಂದೊಂದಕ್ಕೆ 4,100 ರೂಪಾಯಿ. ಸತ್ತ ಉಳುವ ಎತ್ತಿಗೆ ಆಗ 25,000 ಇತ್ತು. ಹಿಟ್ಟಿನ ಗಿರಣಿಯ ಮೋಟಾರಿಗೆ, ಕಿರಾಣಿಯ ಸಕ್ಕರೆ ಚೀಲಕ್ಕೆ, ದರ್ಜಿಯವನ ಬಳಿ ಹೊಲಿಯಲಿಕ್ಕಿದ್ದ ಬಟ್ಟೆಗೆ ಒಂದು ಸಾಲೂ ಇಲ್ಲ. ಮನೆಯ ಮುಂದಿನ ಪಡಸಾಲೆಯಲ್ಲಿಯೇ ಅಂಗಡಿಯಿಟ್ಟವನಿಗೆ ಗೋಡೆ ಬಿದ್ದರೆ ಮನೆಯೆಂದು ಪರಿಹಾರ ಬರುವದು, ಒಳಗಿನ ಸರಕು ಲೆಕ್ಕಕ್ಕಿಲ್ಲ. ಬ್ಯಾಂಕಿನ ಸಾಲವಿದ್ದವನಿಗೆ ರಿಜರ್ವ ಬ್ಯಾಂಕಿನ 2018ರ ನಿರ್ದೇಶಗಳು ಸಾಲದ ಕಂತುಗಳನ್ನು ಮುಂದೂಡಲು, ಹೊಸ ಸಾಲ ಕೊಡಲು ಅವಕಾಶವನ್ನಿತ್ತವು. ಸಾಲವೇ ಇಲ್ಲದೆ ಸ್ವಂತ ದುಡ್ಡಿನಿಂದ ವ್ಯಾಪಾರ ಮಾಡಿದವನಿಗೆ ಅದರಿಂದ ಪ್ರಯೋಜನವಿಲ್ಲ. 1884ರ ಕಾಯಿದೆಯಲ್ಲಿ ಬಿಟ್ಟುಹೋದ ಮನುಷ್ಯನು ಇವನೇ ಅಲ್ಲವೆ? ಪಂಚನಾಮೆಯಲ್ಲಿ ಅಂಗಡಿಯ ಸರಕನ್ನೂ ಬರೆಯತಕ್ಕದ್ದೆಂದು ಒಂದು ಅಂಕಣವನ್ನು ಕೂಡಿಸಿದರೆ, ಹಣ ಕೂಡಲೆ ಬರದಿದ್ದರೂ, ಹಾನಿಯಾಯಿತೆಂಬುದಕ್ಕಾದರೂ ದಾಖಲೆ ಉಳಿಯುವದು. ಅದು ತಾಲೂಕಿನ ಮಟ್ಟದಲ್ಲಿಯೇ ಮಾಡಬಹುದಾದ ಕೆಲಸವೆಂದು ನನ್ನ ಅಭಿಪ್ರಾಯ.

ಇಂದಿನ ಊರುಗಳಲ್ಲಿ ಕುಲಕರ್ಣಿಯ ಸ್ಥಾನದಲ್ಲಿ ಯಾರಿದ್ದಾರೆಂದು ಕೇಳಿದರೆ ಗ್ರಾಮ ಆಡಳಿತ ಅಧಿಕಾರಿಯೆಂದು ಕಾಯಿದೆಯ ಉತ್ತರ. ಆದರೆ ನೆರೆ ಇಳಿದ ಮೇಲೆ ಪಂಚಾಯತಿಯ ಕಟ್ಟೆಯ ಮೇಲೆ ಕುಳಿತು ಹತ್ತು ಮಂದಿಯ ಉತಾರ, ಆಧಾರ, ಪಾಸಬುಕ್ಕುಗಳನ್ನು ಹೋಲಿಸಿ ನೋಡಿ, ಕೂಡಿಬರದ ಹೆಸರುಗಳಿಗೆ ಗೆರೆಯೆಳೆದು, ಮುಳುಗಿದ ಹೊಲದ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟು, ಬಿಟ್ಟುಹೋದವರ ಆಕ್ಷೇಪಣೆಯನ್ನು ತಹಶೀಲದಾರರಿಗೆ ಬರೆದುಕೊಡುವ ಓದು ಬಲ್ಲ ತರುಣ ತರುಣಿಯರೂ ಆ ಪರಂಪರೆಗೇ ಸೇರಿದವರು. ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು, ಬರೆದದ್ದನ್ನು ಕೊಟ್ಟವನಿಗೆ ಓದಿ ಹೇಳುವ ಅನುಕೂಲವು ಅವರಿಗಿದೆ. ನೂರೈವತ್ತು ವರ್ಷಗಳ ಹಿಂದಿನವನಿಗೆ ಅದಿರಲಿಲ್ಲ.

ಕೊನೆಗೊಂದು ಬಿನ್ನಹ. ಈ ವಿಷಯವನ್ನು ಮೇಲಿನ ಕಾಯಿದೆ ಠರಾವುಗಳಿಂದ ತಿಳಿಯುವದು ಸುಲಭ; ಕೆಳಗಿನಿಂದ ತಿಳಿಯುವದಕ್ಕೆ ಬೇಕಾಗುವ ತಗಾವಿಯ ಅರ್ಜಿಗಳ ಕರಡುಗಳು, ಜಾಮೀನು ಪತ್ರಗಳು, ಆಣೆವಾರಿಯ ತಖ್ತೆಗಳು, ಸಂಸ್ಥಾನದ ಕಾಲದ ಕೌಲುಗಳು ಹಳೆಯ ಮನೆತನಗಳ ದಪ್ತರಗಳಲ್ಲಿ, ಅಟ್ಟದ ಮೇಲಿನ ಕೆಂಪು ಬಟ್ಟೆಯ ಗಂಟುಗಳಲ್ಲಿ ಹುಡುಕತಕ್ಕವು. ಮೋಡಿಯನ್ನು ಓದಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕುಂದಗೋಳ, ಗುಡಗೇರಿ, ಸಂಶಿ, ನವಲಗುಂದ, ಅಣ್ಣಿಗೇರಿಗಳಲ್ಲಿ ಇಂಥ ಗಂಟುಗಳುಳ್ಳವರು ಅವುಗಳನ್ನು ನೆಲದ ಪೆಟ್ಟಿಗೆಯಲ್ಲಿಡದೆ ಮೇಲಿಡಬೇಕೆಂದೂ, ಅವುಗಳ ನಕಲು ತೆಗೆದುಕೊಳ್ಳಲು ಅಭ್ಯಾಸಿಗಳಿಗೆ ಆಸ್ಪದ ಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ. 2009, 2019ರ ನೆರೆಗಳ ಪಂಚನಾಮೆಯ ಪ್ರತಿಗಳನ್ನೂ, ತಿರಸ್ಕೃತವಾದ ಅರ್ಜಿಗಳನ್ನೂ ಅದೇ ಗಂಟಿಗೆ ಸೇರಿಸಿಡುವದು ಒಳಿತು. ತಿರಸ್ಕೃತವಾದವುಗಳನ್ನಂತೂ ತಪ್ಪದೆ ಇಡತಕ್ಕದ್ದು, ಯಾಕಂದರೆ ಹಣ ಸಂದವರ ಹೆಸರುಗಳು ಸರಕಾರದ ಪಟ್ಟಿಯಲ್ಲಿ ಹೇಗೂ ಉಳಿಯುವವು.